ಬೆಳಕಿನ ರಾಮನ್‌ರೂ ಕಣ್ಣಿನ ಒಗಟೂ

ಸರ್ ಚಂದ್ರಶೇಖರ ವೆಂಕಟ ರಾಮನ್‌ರವರ ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ವಿರಳ. ರಾಮನ್ ಪರಿಣಾಮ, ಅದಕ್ಕಾಗಿ ೧೯೩೦ರಲ್ಲಿ ಅವರಿಗೆ ದೊರೆತ ನೊಬೆಲ್ ಪಾರಿತೋಷಕ, ಇವೆಲ್ಲ ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಆ ಮಹನೀಯರು ತಮ್ಮ ಬಾಳಿನ ಕೊನೆಯ ಹತ್ತು ವರ್ಷಗಳಲ್ಲಿ ಹೆಚ್ಚಾಗಿ ತಲೆಕೆಡಿಸಿಕೊಂಡದ್ದು ಬೆಳಕಿನ ವಿಷಯಕ್ಕಲ್ಲ, ಬೆಳಕನ್ನು ಕಾಣುವ ಕಣ್ಣಿನ ವಿಷಯಕ್ಕೆ ಎಂಬುದು ಅನೇಕರಿಗೆ ತಿಳಿಯದು. ತಿಳಿದವರೂ ಆ ಅಧ್ಯಾಯವನ್ನು ತುಸು ಸಂಕೋಚದಿಂದಲೇ ದಾಟಿಹೋಗುತ್ತಾರೆ. ಏಕೆಂದರೆ ಅಲ್ಲಿ ರಾಮನ್‌ರವರು ಸೋತರು. ಆ ಸೋಲೂ ಅವರ ಚರಿತ್ರೆಗೆ ಸೇರಿದ್ದೆಂದು ನನ್ನ ಭಾವನೆಯಾದುದರಿಂದ ಈ ಲೇಖನ.

ಕನ್ನಡ ರಾಜ್ಯೋತ್ಸವದ ಸಂಚಿಕೆಯಲ್ಲಿ ತಮಿಳರೊಬ್ಬರ ಜೀವನ ಚರಿತ್ರೆಗೆ ಸ್ಥಾನವೆಲ್ಲಿ ಎಂದು ಕೆಲವು ವಾಚಕರು ಕೇಳಬಹುದು. ನಾವು ಕನ್ನಡಿಗರು ಜೀವನೋಪಾಯಕ್ಕಾಗಿ ಮೈಲಾಪೂರಕ್ಕೆ ಬಂದು ಮನೆಮಾಡಿದಂತೆ, ಅವರು ಕಾವೇರಿಯ ಕೆಳದಂಡೆಯಿಂದ ಹೊರಟು ಊರೂರು ಸುತ್ತಿ ಬೆಂಗಳೂರಿಗೆ ಬಂದು ಮನೆಮಾಡಿದರು. ೧೯೩೩ರಿಂದ ೧೯೭೦ರವರೆಗೆ, ಮೂವತ್ತೇಳು ವರ್ಷ, ಅದೇ ಅವರ ಊರು. ಮೈಸೂರಿನ ಮಹಾರಾಜರು ೧೯೩೫ರಲ್ಲಿ ಅವರಿಗೆ ರಾಜಸಭಾಭೂಷಣ ಎಂಬ ಬಿರುದನ್ನಿತ್ತು ಗೌರವಿಸಿದರು. ಅವರ ದೇಹ ಮಣ್ಣುಗೂಡಿದ್ದೂ ಅಲ್ಲಿಯೇ. ಹೊರಗಿನಿಂದ ಬಂದವರನ್ನು ನಮ್ಮವರೆಂದುಕೊಳ್ಳುವ ಔದಾರ್ಯವನ್ನು ಇಲ್ಲಿಯವರು ನಮಗೆ ತೋರಿರುವಾಗ ನಾವೂ ಅದನ್ನು ತೋರುವುದು ನ್ಯಾಯ.

ರಾಮನ್‌ರವರು ೧೮೮೮ನೆಯ ನವೆಂಬರ್ ೭ರಂದು ತಿರುಚಿರಾಪಳ್ಳಿಯ ಬಳಿಯ ತಿರುವಾನೈಕ್ಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್. ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ಗಣಿತ ಮತ್ತು ಭೌತಶಾಸ್ತ್ರಗಳ ಉಪನ್ಯಾಸಕರಾಗಿ ವಿಶಾಖಪಟ್ಟಣಕ್ಕೆ ಹೋದುದರಿಂದ ಹುಡುಗನ ವಿದ್ಯಾಭ್ಯಾಸ ಅಲ್ಲಿ ಆಯಿತು. ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್! ಮನೆಯಲ್ಲಿ ತಂದೆಯವರ ಪುಸ್ತಕಗಳು, ಅವರು ನುಡಿಸುತ್ತಿದ್ದ ಪಿಟೀಲು. ಇವೆರಡೂ ಮುಂದೆ ಫಲಕೊಟ್ಟವು.

೧೯೦೩ರಲ್ಲಿ ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ನಮ್ಮ ಮೈಲಾಪೂರದಿಂದ ಕಡಲ ಕರೆಯನ್ನು ಹಿಡಿದು ಉತ್ತರಕ್ಕೆ ನಡೆದರೆ ಚೇಪಾಕದಲ್ಲಿ ಇಂದಿಗೂ ಕಾಣುವ ಆ ಕೆಂಪು ಕಟ್ಟಡವೇ ಅದು. ಬಿ.ಎ. ತರಗತಿಯಲ್ಲಿ ಕುಳಿತ ಆ ಪುಟ್ಟ ಹುಡುಗನನ್ನು ಕಂಡು, ಇವನು ದಾರಿತಪ್ಪಿ ಬಂದವನೋ ಎಂದು ಪ್ರಾಧ್ಯಾಪಕರೇ ಸಂಶಯಪಟ್ಟರೆಂದು ಹೇಳುತ್ತಾರೆ. ೧೯೦೪ರಲ್ಲಿ ಬಿ.ಎ., ೧೯೦೭ರಲ್ಲಿ ಎಂ.ಎ., ಎರಡರಲ್ಲಿಯೂ ಅಗ್ರಸ್ಥಾನ. ಇದಕ್ಕಿಂತ ದೊಡ್ಡ ಮಾತೆಂದರೆ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ೧೯೦೬ರ ನವೆಂಬರಿನಲ್ಲಿ, ಲಂಡನ್ನಿನ ಫಿಲಸಾಫಿಕಲ್ ಮ್ಯಾಗಝೀನ್ ಎಂಬ ಪತ್ರಿಕೆಯಲ್ಲಿ ಅವರ ಮೊದಲ ಸಂಶೋಧನಾ ಲೇಖನ ಅಚ್ಚಾಯಿತು. ಸೀಳುಗಂಡಿಯ ಮೂಲಕ ಹಾದ ಬೆಳಕು ಹೇಗೆ ಬಾಗಿ ಪಟ್ಟೆಪಟ್ಟೆಯಾಗಿ ಹರಡುತ್ತದೆಂಬುದು ಅದರ ವಿಷಯ.

ತಮ್ಮ ಮನಸ್ಸನ್ನು ರೂಪಿಸಿದ ಪುಸ್ತಕಗಳು ಮೂರೆಂದು ರಾಮನ್ ಮುಂದೆ ಬರೆದರು. ಬುದ್ಧನ ಚರಿತ್ರೆಯನ್ನು ಕುರಿತ ಎಡ್ವಿನ್ ಆರ್ನಾಲ್ಡನ ಕಾವ್ಯ, ಯೂಕ್ಲಿಡನ ರೇಖಾಗಣಿತ, ಮತ್ತು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಮಹಾವಿಜ್ಞಾನಿ ನಾದದ ಅನುಭವವನ್ನು ಕುರಿತು ಬರೆದ ಗ್ರಂಥ. ಈ ಮೂರನೆಯ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಹೆಲ್ಮ್‌ಹೋಲ್ಟ್ಸ್ ಕಿವಿಯನ್ನು ಕುರಿತು ಬರೆದಂತೆ ಕಣ್ಣನ್ನು ಕುರಿತೂ ಬರೆದಿದ್ದ. ಕಿವಿಯ ವಿಷಯದಲ್ಲಿ ಅವನನ್ನು ಗುರುವೆಂದು ಒಪ್ಪಿದ ರಾಮನ್, ಅರವತ್ತು ವರ್ಷಗಳ ಮೇಲೆ ಕಣ್ಣಿನ ವಿಷಯದಲ್ಲಿ ಅವನನ್ನು ಎದುರಿಸಿ ನಿಂತರು.

ಹೆಚ್ಚಿನ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಕಳುಹಿಸಬೇಕೆಂದು ಪ್ರಾಧ್ಯಾಪಕರು ಬಯಸಿದರೂ, ಈ ಕೃಶಶರೀರ ಅಲ್ಲಿಯ ಚಳಿಯನ್ನು ತಾಳದೆಂದು ಸರಕಾರಿ ವೈದ್ಯರು ತಡೆದರು. ಆಗ ಉಳಿದ ದಾರಿ ಸರಕಾರದ ಹಣಕಾಸಿನ ಇಲಾಖೆ. ೧೯೦೭ರಲ್ಲಿ ಅದರ ಪರೀಕ್ಷೆಗೆ ಕುಳಿತು ಮೊದಲನೆಯವರಾಗಿ ತೇರ್ಗಡೆಯಾದರು. ಅದೇ ವರ್ಷ ಲೋಕಸುಂದರಿ ಅಮ್ಮಾಳ್‌ರೊಡನೆ ವಿವಾಹ. ಆಕೆ ವೀಣೆ ನುಡಿಸುವುದನ್ನು ಕೇಳಿ ರಾಮನ್ ತಾವೇ ಮೆಚ್ಚಿ, ವರದಕ್ಷಿಣೆಯಿಲ್ಲದೆ ಕೈಹಿಡಿದರು. ಆ ಕಾಲಕ್ಕೆ ಅದೊಂದು ಸಾಹಸವೇ.

ಹತ್ತೊಂಬತ್ತು ತುಂಬುವ ಮುನ್ನವೇ ಕಲ್ಕತ್ತೆಯಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಹುದ್ದೆ! ಲೆಕ್ಕಪತ್ರದ ನೌಕರಿಯಲ್ಲಿರುವ ನನ್ನಂಥವನಿಗೆ ಅವರ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಕಚೇರಿಗೆ ಹೋಗುವಾಗ ಟ್ರಾಮಿನಿಂದ ಬೌಬಜಾರ್ ಬೀದಿಯ ಒಂದು ಫಲಕ ಅವರ ಕಣ್ಣಿಗೆ ಬಿತ್ತು: ವಿಜ್ಞಾನದ ಬೆಳವಣಿಗೆಗಾಗಿ ಭಾರತೀಯ ಸಂಘ. ಡಾಕ್ಟರ್ ಮಹೇಂದ್ರಲಾಲ ಸರ್ಕಾರರು ೧೮೭೬ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯಲ್ಲಿ ಕಟ್ಟಡವಿತ್ತು, ಉಪಕರಣಗಳಿದ್ದವು, ಕೆಲಸ ಮಾಡುವವರು ಇರಲಿಲ್ಲ. ರಾಮನ್ ಒಳಹೊಕ್ಕರು. ಆಶುತೋಷ ದೇ ಎಂಬವರು ಅಲ್ಲಿಯ ಸಹಾಯಕರು. ಬಹುಕಾಲ ರಾಮನ್‌ರ ಬಲಗೈಯಾಗಿದ್ದರು. ಬೆಳಗಿನ ಐದೂವರೆಗೆ ಪ್ರಯೋಗಶಾಲೆ, ಹತ್ತು ಗಂಟೆಯ ಹೊತ್ತಿಗೆ ಮನೆಗೆ ಓಡಿ ಸ್ನಾನ, ಊಟ, ಅನಂತರ ಕಚೇರಿ, ಸಂಜೆ ಐದಕ್ಕೆ ಕಚೇರಿಯಿಂದ ನೇರವಾಗಿ ಮತ್ತೆ ಪ್ರಯೋಗಶಾಲೆ, ರಾತ್ರಿ ಒಂಬತ್ತು ಹತ್ತಕ್ಕೆ ಮನೆ. ಭಾನುವಾರ ಪೂರ್ತಿ ಅಲ್ಲಿಯೇ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. ತಂದೆ ತೀರಿಕೊಂಡಾಗ ರಜೆ ಹಾಕಿ ಮದರಾಸಿಗೆ ಬಂದವರು, ಆ ರಜೆಯನ್ನೂ ಪ್ರೆಸಿಡೆನ್ಸಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಳೆದರು. ಹೀಗೆ ಹತ್ತು ವರ್ಷ. ಇಷ್ಟಾದರೂ ಲೆಕ್ಕದ ಕೆಲಸದಲ್ಲಿ ಅವರು ದಕ್ಷ ಅಧಿಕಾರಿಯೆಂದೇ ಹೆಸರು ಪಡೆದಿದ್ದರು. ೧೯೧೭ರಲ್ಲಿ ಸರ್ ಆಶುತೋಷ ಮುಖರ್ಜಿಯವರ ಕರೆಯಂತೆ ಆ ಹುದ್ದೆಯನ್ನು ಬಿಟ್ಟು, ಸುಮಾರು ಅರ್ಧದಷ್ಟು ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕರಾದರು. ತಿಂಗಳ ಸಂಬಳವನ್ನು ಎಣಿಸಿ ಸಂಸಾರ ಮಾಡುವ ನಮಗೆ ಈ ತ್ಯಾಗದ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಮೈಲಾಪೂರದ ಸಭೆಗಳಲ್ಲಿ ಕಚೇರಿ ಕೇಳುವವರಿಗಾಗಿ ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ಸಾಮಾನ್ಯವಾದ ಚರ್ಮವಾದ್ಯದಿಂದ ಹೊರಡುವುದು ಸದ್ದು, ನಾದವಲ್ಲ. ಅದರ ಸ್ವರಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ನಮ್ಮ ಮೃದಂಗ ಮತ್ತು ತಬಲಾಗಳ ನಡುವೆ ಮೆತ್ತಿರುವ ಕರಿಯ ಕರಣೆಯ ತೂಕದಿಂದ ಆ ಸ್ವರಾಂಶಗಳು ತಂತಿವಾದ್ಯದಲ್ಲಿರುವಂತೆ ಕ್ರಮಗೊಳ್ಳುತ್ತವೆ. ಇದನ್ನು ೧೯೨೦ರಲ್ಲಿ ಲೋಕಕ್ಕೆ ತೋರಿಸಿಕೊಟ್ಟವರು ರಾಮನ್‌ರು. ಹಲವು ಸರಳ ಅಂಶಗಳು ಸೇರಿ ಒಂದು ಅನುಭವವಾಗುವುದು ಹೇಗೆಂಬ ಪ್ರಶ್ನೆ ಅವರನ್ನು ಆಗಲೇ ಹಿಡಿದಿತ್ತು.

ಮುಂದಿನ ಭಾಗ ಎಲ್ಲರಿಗೂ ಗೊತ್ತಿರುವುದೇ. ೧೯೨೧ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ಹಿಂತಿರುಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆಳೆಯಿತು. ಸಮುದ್ರ ನೀಲಿಯಾಗಿರುವುದು ಆಕಾಶ ಅದರಲ್ಲಿ ಪ್ರತಿಬಿಂಬಿಸುವುದರಿಂದ ಎಂಬ ಹಳೆಯ ಸಮಾಧಾನವನ್ನು ಒಪ್ಪದೆ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ತೋರಿಸಿದರು. ಆ ಎಳೆಯನ್ನೇ ಹಿಡಿದು ಏಳು ವರ್ಷ ನಡೆದು, ಕೆ. ಎಸ್. ಕೃಷ್ಣನ್‌ರವರ ನೆರವಿನೊಡನೆ ೧೯೨೮ನೆಯ ಫೆಬ್ರವರಿ ೨೮ರಂದು ಆ ಹೊಸ ಪರಿಣಾಮವನ್ನು ಕಂಡರು. ಚದುರಿದ ಬೆಳಕಿನಲ್ಲಿ ಒಂದು ಅಲ್ಪಭಾಗ ಬಣ್ಣ ಬದಲಾಯಿಸಿಕೊಂಡು ಬರುತ್ತದೆ, ಆ ಬದಲಾವಣೆಯಲ್ಲಿ ಅಣುವಿನ ಗುಟ್ಟು ಅಡಗಿರುತ್ತದೆ ಎಂಬುದು ಅದರ ಸಾರ. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೆಂದರೆ ಈ ಶೋಧವನ್ನು ಅವರು ವಿಸ್ತಾರವಾದ ಉಪನ್ಯಾಸದ ಮೂಲಕ ವಿದ್ವಾಂಸರ ಮುಂದಿಟ್ಟದ್ದು ಬೆಂಗಳೂರಿನಲ್ಲಿ, ಅದೇ ಮಾರ್ಚ್ ೧೬ರಂದು.

ಅವರ ಮನೆತನದ ಮೈಲಾಪೂರದ ನಂಟನ್ನೂ ಹೇಳಿಬಿಡುತ್ತೇನೆ. ರಾಮನ್‌ರ ಅಣ್ಣ ಸಿ. ಸುಬ್ರಹ್ಮಣ್ಯ ಅಯ್ಯರ್‌ರವರೂ ಲೆಕ್ಕಪತ್ರ ಇಲಾಖೆಯವರೇ. ಅವರು ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ, ಅಂದರೆ ಇಂದಿನ ರಾಧಾಕೃಷ್ಣನ್ ಸಾಲೈಯಲ್ಲಿ, ಚಂದ್ರವಿಲಾಸವೆಂಬ ಮನೆ ಕಟ್ಟಿಸಿದ್ದರು. ಆ ಮನೆಯಿಂದ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ ಕಲಿತ ಹುಡುಗ ಎಸ್. ಚಂದ್ರಶೇಖರ್ ನಕ್ಷತ್ರಗಳ ಕುರಿತ ಸಂಶೋಧನೆಗಾಗಿ ೧೯೮೩ರಲ್ಲಿ ನೊಬೆಲ್ ಪಡೆದರು.

೧೯೩೩ರಲ್ಲಿ ರಾಮನ್‌ರವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. ಒಂದೇ ವರ್ಷದಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆದರೆ ಹತ್ತು ಜನರನ್ನು ಒಲಿಸಿಕೊಂಡು ಆಡಳಿತ ನಡೆಸುವ ಕಲೆ ಅವರಿಗೆ ಒದಗಿಬರಲಿಲ್ಲ. ಮಾತು ನೇರ, ಸ್ವಭಾವ ಚುರುಕು, ತಾಳ್ಮೆ ಕಡಮೆ. ವಿವಾದಗಳು ಬೆಳೆದು ೧೯೩೭ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟುಕೊಟ್ಟು, ೧೯೪೮ರವರೆಗೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಮುಂದೆ ಕೀರ್ತಿ ತಂದ ಜಿ. ಎನ್. ರಾಮಚಂದ್ರನ್‌ರವರು ಅಲ್ಲಿ ಅವರ ಶಿಷ್ಯರು.

ನಿವೃತ್ತರಾಗಿ ಮನೆಯಲ್ಲಿ ಕೂರುವ ಜಾಯಮಾನ ಅವರದಲ್ಲ. ಮಹಾರಾಜರು ಅಕಾಡೆಮಿಗೆ ದಾನವಾಗಿ ಕೊಟ್ಟಿದ್ದ ಹನ್ನೊಂದು ಎಕರೆ ಭೂಮಿಯಲ್ಲಿ ತಮ್ಮದೇ ಸಂಶೋಧನ ಮಂದಿರವನ್ನು ಕಟ್ಟಿಸಿದರು. ಮೊದಮೊದಲು ಕಟ್ಟಡಕ್ಕೆ ವಿದ್ಯುಚ್ಛಕ್ತಿಯೇ ಬಂದಿರಲಿಲ್ಲ. ರಾಮನ್‌ರು ಕಾಯಲಿಲ್ಲ. ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿ ಸೂರ್ಯನ ಬೆಳಕಿನಲ್ಲಿಯೇ ಪ್ರಯೋಗ ನಡೆಸಿದರು. ಸರಕಾರದ ಹಣಕ್ಕೆ ಕೈಯೊಡ್ಡುವುದು ಅವರಿಗೆ ಒಗ್ಗದು. ವಜ್ರಗಳು, ಹರಳುಗಳು, ಚಿಪ್ಪುಗಳು, ಚಿಟ್ಟೆಗಳು, ಕತ್ತಲ ಕೋಣೆಯಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಖನಿಜಗಳು, ಇವನ್ನೆಲ್ಲ ಕೂಡಿಹಾಕಿ ನೋಡಬಂದ ಮಕ್ಕಳಿಗೆ ತಾವೇ ತೋರಿಸಿ ವಿವರಿಸುತ್ತಿದ್ದರು. ಸುತ್ತಲೂ ತೋಟ; ತೋಟದಲ್ಲಿ ಗುಲಾಬಿ. ೧೯೫೪ರಲ್ಲಿ ಭಾರತರತ್ನ ಪ್ರಶಸ್ತಿ ಬಂತು.

ಅವರ ಕೊನೆಯ ಮಹಾಪ್ರಶ್ನೆ ಹುಟ್ಟಿದ್ದಕ್ಕೆ ಈ ತೋಟವೂ ಒಂದು ಕಾರಣವೆನ್ನಬಹುದು. ೧೯೬೦ರ ಸುಮಾರಿಗೆ ಹೂವಿನ ಬಣ್ಣಗಳನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸತೊಡಗಿದರು. ಹೂವಿನಿಂದ ಬರುವ ಬೆಳಕಿನಲ್ಲಿ ಏನೇನಿದೆಯೆಂದು ಯಂತ್ರ ಹೇಳುತ್ತದೆ. ಕಣ್ಣು ಕಾಣುವುದು ಅದಕ್ಕೆ ಸರಿಹೊಂದುವುದಿಲ್ಲ. ಊದಾಬಣ್ಣದ ಹೂವಿನಿಂದ ಬರುವ ಬೆಳಕಿನಲ್ಲಿ ಬೇರೆ ಬಣ್ಣಗಳು ಬೇಕಾದಷ್ಟಿದ್ದರೂ, ಹಳದಿಯ ಭಾಗವೊಂದು ಅಳಿಸಿಹೋದುದರಿಂದಲೇ ಅದು ಊದಾಬಣ್ಣವಾಗಿ ತೋರುತ್ತದೆಂದು ಅವರು ವಾದಿಸಿದರು. ಹಾಗಾದರೆ ಹಳದಿಗೆ ಕಣ್ಣಿನಲ್ಲಿ ವಿಶೇಷ ಸ್ಥಾನವಿರಬೇಕು. ಆದರೆ ಹೆಲ್ಮ್‌ಹೋಲ್ಟ್ಸನೂ ಅವನಿಗೆ ಹಿಂದಿನ ಯಂಗನೂ ಸಾರಿದ್ದ ಸಿದ್ಧಾಂತದಲ್ಲಿ ಕಣ್ಣಿಗೆ ಮೂಲವಾದವು ಮೂರೇ ವೇದನೆಗಳು: ಕೆಂಪು, ಹಸಿರು, ನೀಲಿ. ಹಳದಿ ಕೇವಲ ಕೆಂಪು ಹಸಿರುಗಳ ಕೂಡಿಕೆ. ಹಳದಿಯನ್ನು ನೋಡಿದಾಗ ಅದರಲ್ಲಿ ಕೆಂಪನ್ನಾಗಲಿ ಹಸಿರನ್ನಾಗಲಿ ಯಾರು ಕಂಡಿದ್ದಾರೆ? ಚೆಂಡುಹೂವನ್ನು ನೋಡಿದ ಯಾರಿಗಾದರೂ ಈ ಸಂದೇಹ ನ್ಯಾಯವೆಂದೇ ತೋರೀತು.

ಅವರ ಉಪಕರಣ ಎಷ್ಟು ಸರಳವೆಂದರೆ ನಾವೂ ಮನೆಯಲ್ಲಿ ಪ್ರಯತ್ನಿಸಬಹುದು. ಪ್ರಕಾಶಮಾನವಾದ ಬಿಳಿಯ ತೆರೆ. ಕಣ್ಣಿನ ಮುಂದೆ ಬಣ್ಣದ ಒಂದು ಗಾಜು. ತೆರೆಯ ಮೇಲಿನ ಒಂದೇ ಬಿಂದುವನ್ನು ಸ್ವಲ್ಪಹೊತ್ತು ದಿಟ್ಟಿಸಿ, ಥಟ್ಟನೆ ಗಾಜನ್ನು ತೆಗೆಯಬೇಕು. ಆಗ ಕ್ಷಣಕಾಲ ತೆರೆಯ ಮೇಲೆ ಒಂದು ಚಿತ್ರ ಮೂಡುತ್ತದೆ. ಅದು ಹೊರಗಿನ ವಸ್ತುವಿನದಲ್ಲ, ನೋಡುವವನ ಸ್ವಂತ ಅಕ್ಷಿಪಟದ್ದು. ಬಹಳ ಹಿಗ್ಗಿಸಿದಂತೆ ಕಾಣುತ್ತದೆ. ನಡುವೆ ತೀಕ್ಷ್ಣದೃಷ್ಟಿಯ ಕುಳಿ ಒಂದು ತಟ್ಟೆಯಂತೆ ತೋರುತ್ತದೆ. ಗಾಜಿನ ಬಣ್ಣ ಬದಲಾಯಿಸಿದರೆ ಚಿತ್ರವೂ ಬದಲಾಗುತ್ತದೆ. ಎಪ್ಪತ್ತೈದು ದಾಟಿದ ವೃದ್ಧರೊಬ್ಬರು ಬೆಂಗಳೂರಿನ ಒಂದು ಕೋಣೆಯಲ್ಲಿ ಕುಳಿತು ತಮ್ಮ ಕಣ್ಣನ್ನು ತಮ್ಮ ಕಣ್ಣಿನಿಂದಲೇ ಮತ್ತೆಮತ್ತೆ ನೋಡಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದುದನ್ನು ನೆನೆದರೆ ಗೌರವ ಉಕ್ಕುತ್ತದೆ. ಮಬ್ಬುಬೆಳಕಿನಲ್ಲಿ ಕಣ್ಣಿನ ಸೂಕ್ಷ್ಮತೆ ಎಷ್ಟು ಕುಗ್ಗುತ್ತದೆ, ಆಗ ಬಣ್ಣಗಳು ಏಕೆ ಅಳಿಯುತ್ತವೆ ಎಂಬುದನ್ನೂ ಹಾಗೆಯೇ ಪರೀಕ್ಷಿಸಿದರು. ಇದೆಲ್ಲವನ್ನೂ ೧೯೬೮ರಲ್ಲಿ ದೃಷ್ಟಿಯ ಶರೀರಶಾಸ್ತ್ರವೆಂಬ ಅರ್ಥದ ಇಂಗ್ಲಿಷ್ ಹೆಸರಿನ ಗ್ರಂಥವಾಗಿ ಅಕಾಡೆಮಿಯ ಮೂಲಕ ಪ್ರಕಟಿಸಿದರು. ಮೂರು ಬಣ್ಣಗಳ ಸಿದ್ಧಾಂತ ಸುಳ್ಳು. ಕಣ್ಣಿನೊಳಗೆ ಬೆಳಕನ್ನು ಹಿಡಿಯುವ ದ್ರವ್ಯಗಳು ಇತರರು ಹೇಳಿದವಲ್ಲ, ಬೇರೆಯೇ ಎಂಬುದು ಅದರ ತೀರ್ಮಾನ.

ಲೋಕ ಒಪ್ಪಲಿಲ್ಲ. ಒಪ್ಪದಿರಲು ಕಾರಣವಿತ್ತು. ೧೯೬೪ರಲ್ಲಿಯೇ ಅಮೆರಿಕದ ಎರಡು ತಂಡಗಳು ಅಕ್ಷಿಪಟದ ಒಂದೊಂದು ಶಂಕುಕೋಶದ ಮೂಲಕ ಸಣ್ಣ ಬೆಳಕಿನ ಕಿರಣವನ್ನು ಹಾಯಿಸಿ ಅಳೆದು, ಬಣ್ಣ ಕಾಣುವ ಕೋಶಗಳು ಮೂರೇ ಬಗೆಯವೆಂದು ತೋರಿಸಿದ್ದವು. ಆ ಕೆಲಸ ಮಾಡಿದವರಲ್ಲೊಬ್ಬನಾದ ಜಾರ್ಜ್ ವಾಲ್ಡನಿಗೆ ದೃಷ್ಟಿದ್ರವ್ಯಗಳ ರಸಾಯನಕ್ಕಾಗಿ ೧೯೬೭ರಲ್ಲಿ ನೊಬೆಲ್ ಬಂದಿತ್ತು. ರಾಮನ್‌ರು ತಮ್ಮ ಅಕ್ಷಿಪಟದ ನಡುವೆ ಕಂಡ ಹಳದಿಯ ದ್ರವ್ಯವೂ ನಿಜವಾದದ್ದೇ. ಆದರೆ ಅದು ಬೆಳಕನ್ನು ಕಾಣುವ ದ್ರವ್ಯವಲ್ಲ, ಕಾಣುವ ಕೋಶಗಳ ಮುಂದೆ ಕಟ್ಟಿದ ತೆಳುವಾದ ಪರದೆ. ವಸ್ತುವನ್ನು ಸರಿಯಾಗಿ ಕಂಡರು, ಅದರ ಉದ್ಯೋಗವನ್ನು ತಪ್ಪಾಗಿ ಊಹಿಸಿದರು. ಹಳದಿಯ ಮಾತಾದರೋ, ಅವರ ಸಂದೇಹ ಸರಿ, ಉತ್ತರ ಹುಡುಕಿದ ಸ್ಥಳ ಸರಿಯಲ್ಲ. ಮೂರು ಬಗೆಯ ಕೋಶಗಳು ಕಳುಹಿಸಿದ ವರದಿಗಳನ್ನು ಹಿಂದಿನ ನರಕೋಶಗಳು ಕೂಡಿಸಿ ಕಳೆದು, ಕೆಂಪಿಗೆ ಪ್ರತಿಯಾಗಿ ಹಸಿರು, ನೀಲಿಗೆ ಪ್ರತಿಯಾಗಿ ಹಳದಿ ಎಂದು ಹೊಸ ಲೆಕ್ಕ ಬರೆಯುತ್ತವೆ. ಹಳದಿ ಒಂದು ಸ್ವತಂತ್ರ ಬಣ್ಣವಾಗುವುದು ಆ ಲೆಕ್ಕದಲ್ಲಿ.

ಹೊರಗಿನ ಬೆಳಕಿನ ಚುಕ್ಕೆಗಳು ಒಳಗೆ ಹೋಗಿ ರೂಪವಾಗುವುದು ಹೇಗೆಂಬ ದೊಡ್ಡ ಒಗಟೂ ಅದೇ ಕಾಲದಲ್ಲಿ ಬೇರೊಂದು ಕಡೆ ಬಿಡಿಸಿಕೊಳ್ಳುತ್ತಿತ್ತು. ಅಕ್ಷಿಪಟದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಸುಮಾರು ೧೦ ಕೋಟಿ. ಅಲ್ಲಿಂದ ಮಿದುಳಿಗೆ ಹೊರಡುವ ನರತಂತುಗಳು ಸುಮಾರು ೧೦ ಲಕ್ಷ. ಶಾಖೆಯ ದಿನದ ವಹಿವಾಟೆಲ್ಲ ಒಂದು ಸಂಕ್ಷೇಪ ಪಟ್ಟಿಯಾಗಿ ಪ್ರಧಾನ ಕಚೇರಿಗೆ ಹೋಗುವಂತೆ, ಕಣ್ಣಿನಿಂದಲೂ ಮಿದುಳಿಗೆ ಹೋಗುವುದು ಸಂಕ್ಷೇಪವೇ. ಒಂದೊಂದು ತಂತು ತನ್ನ ಪಾಲಿನ ಪುಟ್ಟ ವೃತ್ತದಲ್ಲಿ ನಡುವೆ ಬೆಳಕು, ಸುತ್ತ ಕತ್ತಲು, ಅಥವಾ ಇದರ ತಿರುವುಮುರುವು ಎಂದಷ್ಟೇ ವರದಿ ಮಾಡುತ್ತದೆ. ಸ್ಟೀಫನ್ ಕಫ್ಲರ್ ಇದನ್ನು ಬೆಕ್ಕುಗಳಲ್ಲಿ ೧೯೫೩ರಲ್ಲಿ ತೋರಿಸಿದ. ಎಲ್ಲವೂ ಒಂದೇ ಸಮನಾಗಿ ಬೆಳಗಿರುವ ಕಡೆ ಈ ತಂತು ಹೆಚ್ಚು ಮಾತಾಡುವುದಿಲ್ಲ. ವ್ಯತ್ಯಾಸವಿದ್ದ ಕಡೆಯೇ ಅದಕ್ಕೆ ಕೆಲಸ.

ಕಫ್ಲರನ ಪ್ರಯೋಗಶಾಲೆಯಲ್ಲಿ ೧೯೫೮ರಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಎಂಬ ಇಬ್ಬರು ತರುಣರು ಜೊತೆಗೂಡಿದರು. ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರದ ಒಂದು ಕೋಶಕ್ಕೆ ಸೂಜಿ ತಗುಲಿಸಿ, ಬೆಕ್ಕಿನ ಕಣ್ಣಿನ ಮುಂದೆ ಗಾಜಿನ ಫಲಕದ ಮೇಲಿನ ಕಪ್ಪು ಚುಕ್ಕೆಗಳನ್ನು ತೋರಿಸುತ್ತಿದ್ದರು. ಗಂಟೆಗಟ್ಟಲೆ ತೋರಿಸಿದರೂ ಕೋಶ ಜಗ್ಗಲಿಲ್ಲ. ಒಮ್ಮೆ ಫಲಕವನ್ನು ಯಂತ್ರದೊಳಗೆ ಜಾರಿಸುವಾಗ ಇದ್ದಕ್ಕಿದ್ದಂತೆ ಕೋಶ ಪಟಪಟನೆ ಸದ್ದು ಮಾಡತೊಡಗಿತು. ಚುಕ್ಕೆಗಲ್ಲ! ಗಾಜಿನ ಅಂಚಿನ ನೆರಳು ಒಂದು ಗೆರೆಯಾಗಿ, ಒಂದು ನಿರ್ದಿಷ್ಟ ಓರೆಯಲ್ಲಿ ಹಾದುಹೋದುದಕ್ಕೆ. ಆ ಕೋಶ ಗೆರೆಯ ಕೋಶ. ಪಕ್ಕದ ಕೋಶಕ್ಕೆ ಇನ್ನೊಂದು ಓರೆಯ ಗೆರೆ ಬೇಕು.

ಚುಕ್ಕೆಗಳಿಂದ ಗೆರೆ ಹೇಗಾಯಿತು? ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸುವುದು ಸುಲಭ. ಮಾಡ ಬೀದಿಗಳಲ್ಲಿ ಬೆಳಗಾಗುವ ಮುನ್ನ ಮನೆಯ ಮುಂದೆ ಇಡುವ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಒಂದೊಂದು ಚುಕ್ಕಿಗೆ ಅರ್ಥವಿಲ್ಲ. ಸಾಲಾಗಿರುವ ಆರು ಚುಕ್ಕಿಗಳನ್ನು ಕೂಡಿಸಿದರೆ ಗೆರೆ. ಗೆರೆಗಳನ್ನು ಬಳಸಿ ಕೂಡಿಸಿದರೆ ಎಸಳು. ಎಸಳುಗಳು ಸೇರಿದರೆ ತಾವರೆ. ಹ್ಯೂಬೆಲ್ ಮತ್ತು ವೀಸೆಲ್ ೧೯೬೨ರಲ್ಲಿ ಸೂಚಿಸಿದ್ದು ಹೆಚ್ಚುಕಡಮೆ ಇದೇ. ಒಂದೇ ಸಾಲಿನಲ್ಲಿರುವ ಪುಟ್ಟ ವೃತ್ತಗಳ ವರದಿಗಳೆಲ್ಲ ಒಂದು ಕೋಶಕ್ಕೆ ಬಂದು ಸೇರಿದರೆ ಆ ಕೋಶ ಆ ಓರೆಯ ಗೆರೆಗೆ ಮಾತ್ರ ಓಗೊಡುತ್ತದೆ. ಅಂಥ ಕೋಶಗಳು ಹಲವು ಸೇರಿ ಇನ್ನೊಂದಕ್ಕೆ ವರದಿ ಮಾಡಿದರೆ, ಗೆರೆ ತುಸು ಆಚೀಚೆ ಸರಿದರೂ ಅದು ಗುರುತಿಸುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋದರೆ ಮೂಲೆ, ಬಾಗು, ಆಕೃತಿ. ಬಹು ಮುಂದಿನ ಮೆಟ್ಟಿಲಿನಲ್ಲಿ, ಮಂಗಗಳ ಮಿದುಳಿನಲ್ಲಿ, ಕೈಯ ಆಕಾರಕ್ಕೂ ಮುಖಕ್ಕೂ ಓಗೊಡುವ ಕೋಶಗಳನ್ನು ಚಾರ್ಲ್ಸ್ ಗ್ರಾಸ್ ಮೊದಲಾದವರು ಮುಂದೆ ಕಂಡರು. ಆದರೆ ಮಿದುಳಿನ ಲೆಕ್ಕ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವುದಲ್ಲ. ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೂ ತಂತುಗಳಿವೆ, ನಿರೀಕ್ಷೆಯೂ ನೋಟದಲ್ಲಿ ಬೆರೆಯುತ್ತದೆ. ನಮ್ಮ ಮಕ್ಕಳು ತಮಿಳಿನ ಅಕ್ಷರವನ್ನು ಮೊದಲು ಕಲಿತು ಅನಂತರ ಕನ್ನಡಕ್ಕೆ ಬಂದಾಗ ವ, ಮ, ಪ, ಷಗಳ ಎದುರು ತಡವರಿಸುವುದನ್ನು ಎಲ್ಲ ಮನೆಗಳಲ್ಲಿ ನೋಡಿದ್ದೇವೆ. ಗೆರೆಗಳು ಕಣ್ಣಿಗೆ ಬಿದ್ದಿರುತ್ತವೆ. ಯಾವ ಗೆರೆ ಲಕ್ಷಣ, ಯಾವುದು ಅಲಂಕಾರ ಎಂಬುದನ್ನು ಮಿದುಳು ಇನ್ನೂ ಕಲಿತಿರುವುದಿಲ್ಲ. ಕೌಂಟರಿನಲ್ಲಿ ಚೆಕ್ಕಿನ ರುಜುವನ್ನು ಮಾದರಿ ರುಜುವಿನೊಡನೆ ಹೋಲಿಸುವವರಿಗೂ ಈ ಅನುಭವವಿದೆ. ಒಂದೇ ಮನುಷ್ಯನ ಎರಡು ರುಜುಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಆದರೂ ಇದು ಅವರದೇ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ರಾಮನ್‌ರವರ ಚಿತ್ರವೇ ಇದಕ್ಕೆ ಒಳ್ಳೆಯ ಉದಾಹರಣೆ. ತಲೆಯ ಮೇಲೆ ಆ ಪೇಟ, ನಿಲುವಂಗಿ, ನೇರ ದೃಷ್ಟಿ. ವ್ಯಂಗ್ಯಚಿತ್ರಕಾರ ನಾಲ್ಕು ಗೆರೆ ಎಳೆದರೆ ಸಾಕು, ಅದು ಯಾರೆಂದು ಯಾರೂ ಕೇಳುವುದಿಲ್ಲ. ಆ ನಾಲ್ಕು ಗೆರೆಗಳು ರಾಮನ್‌ರಾಗುವುದು ಅಕ್ಷಿಪಟದಲ್ಲಿ ಅಲ್ಲ, ಅದರ ಹಿಂದೆ.

ಅವರ ಗ್ರಂಥ ಹೊರಬಂದ ೧೯೬೮ರಲ್ಲಿಯೇ ಹ್ಯೂಬೆಲ್, ವೀಸೆಲ್‌ರು ಮಂಗಗಳ ದೃಷ್ಟಿಕೇಂದ್ರವನ್ನು ಕುರಿತ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಅದೇ ಪ್ರಶ್ನೆಯ ಎರಡು ತುದಿಗಳು ಒಂದೇ ವರ್ಷದಲ್ಲಿ ಅಚ್ಚಾದವು, ಒಂದಕ್ಕೊಂದು ಭೇಟಿಯಾಗಲಿಲ್ಲ. ರಾಮನ್‌ರವರು ಹುಟ್ಟುಭೌತವಿಜ್ಞಾನಿ. ಬೆಳಕು ಎಲ್ಲಿಯವರೆಗೆ ಹೋಗುವುದೋ ಅಲ್ಲಿಯವರೆಗೆ ಅದರೊಡನೆ ನಡೆದರು. ಬೆಳಕು ಅಕ್ಷಿಪಟದಲ್ಲಿ ನಿಂತುಹೋಗುತ್ತದೆ, ಅವರೂ ಅಲ್ಲಿಯೇ ನಿಂತರು. ಇನ್ನೊಂದು ಕಾರಣವನ್ನೂ ಮುಚ್ಚಿಡಬೇಕಾಗಿಲ್ಲ. ಆ ವರ್ಷಗಳಲ್ಲಿ ಅವರ ಲೇಖನಗಳು ಹೆಚ್ಚಾಗಿ ಹೊರಬರುತ್ತಿದ್ದುದು ಅವರದೇ ಅಕಾಡೆಮಿಯ ಪತ್ರಿಕೆಯಲ್ಲಿ ಮತ್ತು ಬೆಂಗಳೂರಿನ ಕರೆಂಟ್ ಸೈನ್ಸಿನಲ್ಲಿ. ಅವರನ್ನು ಎದುರಿಸಿ ಇದು ಹೀಗಲ್ಲವೆನ್ನುವ ಸಮಾನರು ಹತ್ತಿರ ಇರಲಿಲ್ಲ. ಇದ್ದಿದ್ದರೆ ಕೇಳುತ್ತಿದ್ದರೋ ಇಲ್ಲವೋ ಬೇರೆ ಮಾತು. ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ಪರಿಶೀಲಿಸಿ ರುಜು ಹಾಕಬೇಕೆಂಬ ನಿಯಮ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಹತ್ತು ವರ್ಷ ದುಡಿದವರಿಗೆ ಹೊಸದಲ್ಲ. ಪ್ರಯೋಗಶಾಲೆಯಲ್ಲಿ ಅದನ್ನು ಅವರು ಕೈಬಿಟ್ಟದ್ದು ನನಗೆ ಇಂದಿಗೂ ಸೋಜಿಗ. ಅದೇ ೧೯೬೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವನ್ನೂ ಬಿಟ್ಟುಕೊಟ್ಟರು. ಅದು ೧೯೨೪ರಲ್ಲಿ ಬಂದ ಗೌರವ.

ಹಾಗೆಂದು ಆ ಗ್ರಂಥವನ್ನು ಕಸಕ್ಕೆ ಎಸೆಯುವವರೊಡನೆ ನಾನಿಲ್ಲ. ಅದರಲ್ಲಿಯ ಸಿದ್ಧಾಂತ ಬಿದ್ದುಹೋಯಿತು, ನೋಟಗಳು ಉಳಿದಿವೆ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯುವ ಶಿಸ್ತಿಗೆ ಅದು ಮಾದರಿ. ಯಂತ್ರಗಳಿಗೆ ಹಣವಿಲ್ಲದ ಶಾಲೆಯ ಮೇಷ್ಟರೊಬ್ಬರು ಒಂದು ಬಣ್ಣದ ಗಾಜು, ಒಂದು ಬಿಳಿಯ ಹಾಳೆ ಹಿಡಿದುಕೊಂಡು ಅದರಿಂದ ಇಡೀ ವರ್ಷದ ಪಾಠ ಮಾಡಬಹುದು.

ಹ್ಯೂಬೆಲ್ ಮತ್ತು ವೀಸೆಲ್‌ರಿಗೆ ನೊಬೆಲ್ ಬಂದದ್ದು ೧೯೮೧ರಲ್ಲಿ. ಅದನ್ನು ಕೇಳಲು ರಾಮನ್‌ರಿರಲಿಲ್ಲ. ೧೯೭೦ರ ಅಕ್ಟೋಬರ್ ಕೊನೆಯಲ್ಲಿ ಪ್ರಯೋಗಶಾಲೆಯಲ್ಲಿ ಕುಸಿದುಬಿದ್ದರು. ಆಸ್ಪತ್ರೆಗೆ ಸಾಗಿಸಿದರು, ಅಲ್ಲಿ ಸಾಯಲು ಒಪ್ಪದೆ, ತಮ್ಮ ಮಂದಿರದ ತೋಟದ ನಡುವೆಯೇ ಪ್ರಾಣ ಬಿಡಬೇಕೆಂದು ಹಟಹಿಡಿದು ಹಿಂತಿರುಗಿದರು. ನವೆಂಬರ್ ೨೧ರ ಬೆಳಗಿನ ಜಾವ, ಎಂಬತ್ತೆರಡು ತುಂಬಿ ಎರಡು ವಾರಗಳಾಗಿದ್ದಾಗ, ತೀರಿಕೊಂಡರು. ಅವರ ಇಚ್ಛೆಯಂತೆ ಯಾವ ಆಡಂಬರವೂ ಇಲ್ಲದೆ ಮಂದಿರದ ಆವರಣದಲ್ಲಿಯೇ ದಹನವಾಯಿತು. ಆ ಸ್ಥಳದಲ್ಲಿ ಗೋರಿಯಿಲ್ಲ, ವಿಗ್ರಹವಿಲ್ಲ. ಒಂದು ಮರ ನೆಟ್ಟಿದ್ದಾರೆ, ಅದು ಹಳದಿಯ ಹೂ ಬಿಡುತ್ತದೆ.